ಕಾಣಿಕೆ ಎಂದು ಬರೆದದ್ದು

ಯುದ್ಧಕ್ಕೆ ಮೊದಲು ನಾನು ಒಂದು ಹಂಚಿನ ಕಂಪನಿಯ ಹಂಪನಕಟ್ಟೆ ಆಫೀಸಿನಲ್ಲಿ ರೈಟರ, ಎಂದರೆ ಗುಮಾಸ್ತನಾಗಿದ್ದೆ. ವರ್ಷಕ್ಕೊಮ್ಮೆ ಪಾಲುದಾರರ ಸಭೆ. ಇಂಗ್ಲಿಷ್ ವರದಿಯನ್ನು ಕನ್ನಡ ಮಾಡಿ ಓದುವುದು ನನ್ನ ಕೆಲಸ. ಆ ವರ್ಷ ಹಂಚಿಗೆ ಗಿರಾಕಿ ಕಡಿಮೆ, ಆದ್ದರಿಂದ ಪಾಲುದಾರರಿಗೆ ಡಿವಿಡೆಂಡು ಇಲ್ಲ ಎಂದು ವರದಿಯಲ್ಲಿತ್ತು. ಅದೇ ವರದಿಯ ಕೊನೆಗೆ, ಮ್ಯಾನೇಜರರಿಗೆ ಸಂಬಳದ ಮೇಲೆ ಇನ್ನೊಂದು ದೊಡ್ಡ ಮೊತ್ತ ಕೊಡುವ ಠರಾವು.

"ಸಂಬಳ ಅಂತ ಹಾಕಬೇಡಿ ಮಾರಾಯ್ರೆ," ಎಂದರು ಮ್ಯಾನೇಜರು. "ಕಿವಿಗೆ ಹಿತವಾಗುವ ಶಬ್ದ ಎಂತಾದ್ರೂ ಉಂಟಾ ನೋಡಿ."

ಎರಡು ದಿನ ಹುಡುಕಿದೆ. ಬೆಳಿಗ್ಗೆ ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಣ್ಣುತ್ತಿರುವಾಗ ಹೊಳೆಯಿತು: 'ವಿಶೇಷ ಕಾಣಿಕೆ'. ಹೆಂಡತಿಯನ್ನು ಕರೆದು ಹೇಳುವಷ್ಟು ಖುಷಿಯಾಗಿತ್ತು.

ಸಭೆಯಲ್ಲಿ "ಆಡಳಿತದ ಬಾಬ್ತು, ವಿಶೇಷ ಕಾಣಿಕೆ" ಎಂದು ಓದಿದೆ. ಮುಂದೆ ಕುಳಿತಿದ್ದ ದಿನಸಿ ಅಂಗಡಿಯ ಮುದುಕರು ಕೈಮುಗಿದೇ ಬಿಟ್ಟರು. "ಯಾವ ದೇವಸ್ಥಾನಕ್ಕೆ?"

ಅವರ ಹಿಂದೆ ಬಿಜೈಯ ಕ್ರಿಸ್ತುವರ ಬಾಯಮ್ಮ ಇದ್ದರು. ನಮ್ಮ ಹಂಚು ಸುಡುವ ಭಟ್ಟಿಯಲ್ಲೇ ದುಡಿದು ತೀರಿಕೊಂಡ ಗಂಡ ಬಿಟ್ಟುಹೋದ ನಾಲ್ಕು ಪಾಲು ಅವರ ಹೆಸರಿನಲ್ಲಿತ್ತು. ಆ ಡಿವಿಡೆಂಡಿನಲ್ಲಿ ಮಗಳನ್ನು ನರ್ಸ್ ಕಲಿಯಲು ಕಳಿಸಬೇಕೆಂದಿದ್ದರು.

"ದೇವಸ್ಥಾನಕ್ಕೆ ಮಾತ್ರವಾ? ಇಗರ್ಜಿಗೆ ಎಂತ ಇಲ್ವಾ ರೈಟರೇ?" ಎಂದರು. ಎಲ್ಲರೂ ನಕ್ಕರು.

"ದೇವರು ಎಲ್ಲರಿಗೂ ಒಬ್ಬನೇ ಅಲ್ವಾ ಬಾಯಮ್ಮ!" ಎಂದು ಮ್ಯಾನೇಜರೂ ನಕ್ಕರು.

ನಾನು ಕಾಗದ ನೋಡುತ್ತ ನಿಂತೆ. ಒಪ್ಪಿಗೆಗೆ ಕೈಗಳು ಎದ್ದವು. ಬಾಯಮ್ಮನದೂ ಎದ್ದಿತು.

ಸಭೆ ಮುಗಿದ ಮೇಲೆ ಬಾಯಮ್ಮ ಮೆಟ್ಟಿಲಲ್ಲಿ ಸಿಕ್ಕಿದರು. "ಹುಡುಗಿಯನ್ನು ಈ ವರ್ಷ ಕಳಿಸ್ಲಿಕ್ಕೆ ಆಗುದಿಲ್ಲ. ಬಿಳಿ ಬಟ್ಟೆ ಎಲ್ಲ ಹೊಲಿಸಿ ಇಟ್ಟಿದ್ದೆ. ಹೋಗ್ಲಿ, ದೇವರಿಗೆ ಹೋದದ್ದಲ್ವಾ?"

ಅಲ್ಲ ಎಂಬ ಎರಡಕ್ಷರ ನನ್ನ ನಾಲಿಗೆಯ ಮೇಲೇ ಇತ್ತು. ಕೆಳಗೆ ಮ್ಯಾನೇಜರು ಛತ್ರಿ ಬಿಡಿಸುತ್ತಿದ್ದರು.

"ಮೆಟ್ಟಿಲು ಜಾರ್ತದೆ ಬಾಯಮ್ಮ, ಮೆಲ್ಲ ಇಳಿಯಿರಿ," ಎಂದೆ.

ಆ ಹುಡುಗಿ ನರ್ಸ್ ಆಗಲಿಲ್ಲ. ಮರುವರ್ಷ ನಮ್ಮ ಕಾರ್ಖಾನೆಗೇ ಹಂಚು ಹೊರಲು ಬಂದಳು. ಅವಳ ಹೆಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸಿದವನು ನಾನೇ. ಪಕ್ಕದಲ್ಲಿ 'ದಿನಗೂಲಿ' ಎಂದು ಬರೆದೆ. ಅದಕ್ಕೆ ಹಿತವಾದ ಶಬ್ದ ಬೇಕೆಂದು ಯಾರೂ ಹೇಳಲಿಲ್ಲ.