ಬೆಂಚಿನವನ ಸನ್ಮಾನಕ್ಕೆ ರಾಯ್ಸ್ ಟ್ಯಾಕೆಟ್ ಮಾತಾಡಿದ್ದು

ರಾಯ್ಸ್ ಟ್ಯಾಕೆಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆಡುತ್ತಿದ್ದ ಮೂರು ವರ್ಷ, ಪಶ್ಚಿಮ ಟೆಕ್ಸಸ್ಸಿನ ಆ ಊರಿನಲ್ಲಿ ಶನಿವಾರ ಮಧ್ಯಾಹ್ನ ಹೆಣ ಬಿದ್ದರೂ ಎತ್ತುವವರಿರಲಿಲ್ಲ. ಹತ್ತಿ ಬಿಡಿಸುವ ಯಂತ್ರಗಳನ್ನು ಹೊಲದಲ್ಲೇ ನಿಲ್ಲಿಸಿ ಜನ ಸ್ಟೇಡಿಯಮ್ಮಿಗೆ ಓಡುತ್ತಿದ್ದರು. ಪಾದ್ರಿ ಭಾನುವಾರದ ಪ್ರಾರ್ಥನೆಯಲ್ಲಿ ಮಳೆಗಿಂತ ಮೊದಲು ರಾಯ್ಸ್‌ನ ಬಲಗೈಯನ್ನು ನೆನೆಯುತ್ತಿದ್ದ. ವೆರ್ನಾಳ ಹೋಟೆಲಿನಲ್ಲಿ ರಾಯ್ಸ್ ತಿಂದದ್ದಕ್ಕೆ ಯಾರೂ ಬಿಲ್ಲು ಕೊಡುತ್ತಿರಲಿಲ್ಲ.

ರಾಯ್ಸ್ ಕ್ವಾರ್ಟರ್‌ಬ್ಯಾಕ್. ತಂಡದ ಚೆಂಡು ಮೊದಲು ಬರುವುದು ಅವನ ಕೈಗೆ. ಎದುರಾಳಿಗಳು ಮೈಮೇಲೆ ಬಂದು ಬೀಳುವುದರೊಳಗೆ ಅದನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನು ಅವನೇ. ಗೆದ್ದರೆ ಹೊಗಳಿಕೆಯೆಲ್ಲ ಅವನಿಗೆ, ಸೋತರೆ ಬೈಗುಳವೆಲ್ಲ ಅವನಿಗೆ. ರಾಯ್ಸ್‌ಗೆ ಬೈಗುಳದ ಪರಿಚಯವೇ ಇರಲಿಲ್ಲ. ಅವನ ಅಪ್ಪ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಬೇಲು ಕಟ್ಟುತ್ತಿದ್ದವನು; ಮಗನ ಹೆಸರಿನಿಂದ ಅವನಿಗೂ ಊರಿನ ದೊಡ್ಡ ಮನುಷ್ಯರ ಮೇಜಿನಲ್ಲಿ ಕುರ್ಚಿ ಸಿಕ್ಕಿತ್ತು.

ತೀರ್ಮಾನಿಸುವವನು ಅವನು ಎಂದೆನಲ್ಲ, ಅದು ಆಟದ ಮಾತು. ನಿಜವಾಗಿ ತೀರ್ಮಾನಿಸುತ್ತಿದ್ದವನು ಕೋಚ್ ಮರ್ಲ್ ಗ್ಯಾರಿಟಿ. ಗ್ಯಾರಿಟಿ ಮೈದಾನದ ಅಂಚಿನಲ್ಲಿ ನಿಂತು ಎದುರಾಳಿಗಳು ಹೇಗೆ ನಿಂತಿದ್ದಾರೆಂದು ನೋಡಿ, ಟೋಪಿ ಮುಟ್ಟುತ್ತಲೋ ಮೊಣಕೈ ಸವರುತ್ತಲೋ ಸನ್ನೆ ಮಾಡುತ್ತಿದ್ದ. ರಾಯ್ಸ್ ಕತ್ತು ತಿರುಗಿಸಿ ಅದನ್ನು ನೋಡುತ್ತಿದ್ದ, ಹೇಳಿದ ಕಡೆಗೆ ಎಸೆಯುತ್ತಿದ್ದ. ಅಲ್ಲಿ ಯಾರೋ ಒಬ್ಬ ತಮ್ಮವನು ಬಿಡುವಾಗಿ ನಿಂತೇ ಇರುತ್ತಿದ್ದ. ಮುಂದೆ ಗೋಡೆಯಂತೆ ಐದು ಜನ ದಢೂತಿ ಹುಡುಗರು ಕಾವಲಿರುತ್ತಿದ್ದರು. ಅವನ ಅಂಗಿಗೆ ಮಣ್ಣು ಹತ್ತುತ್ತಿದ್ದುದೇ ಅಪರೂಪ. ಕೈ ಮಾತ್ರ ಸುಳ್ಳಲ್ಲ. ಅಂಥ ಎಸೆತ ಆ ಬಯಲಿನಲ್ಲಿ ಹಿಂದೆ ಯಾರೂ ಕಂಡಿರಲಿಲ್ಲ.

ಅವನಿಗೆ ಏನಾದರೂ ಆದರೆ ಇರಲಿ ಎಂದು ಬೆಂಚಿನ ಮೇಲೆ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನು ಕೂರಿಸಿದ್ದರು. ಅವನು ಎಲ್ಡನ್ ಫ್ರೀಸನ್, ಮೆನೊನೈಟ್ ಎಂಬ ಸರಳ ಬದುಕಿನ ಕ್ರೈಸ್ತ ಪಂಗಡದ ರೈತರ ಮನೆಯವನು, ಬಡಕಲು, ಕನ್ನಡಕದವನು. ರಾಯ್ಸ್‌ಗೆ ಏನೂ ಆಗಲಿಲ್ಲ, ಹಾಗಾಗಿ ಎಲ್ಡನ್ ಆಡಲಿಲ್ಲ. ಮೂರು ವರ್ಷ ಒಗೆದ ಅಂಗಿ ಹಾಕಿಕೊಂಡು ಬಂದು, ಒಗೆದ ಅಂಗಿಯಲ್ಲೇ ಮನೆಗೆ ಹೋದ. ಕೋಚ್ ಅವನಪ್ಪನನ್ನು ಕರೆಸಿ, "ಇವನನ್ನ ಬೇರೆ ಕಾಲೇಜಿಗೆ ಹಾಕಿ ಸ್ವಾಮಿ. ಇಲ್ಲಿ ನೀರಿನ ಬಾಟ್ಲಿ ಕೊಡೋಕೆ ಬೇರೆಯವರಿದಾರೆ" ಎಂದದ್ದು ತಂಡಕ್ಕೆಲ್ಲ ಗೊತ್ತಿತ್ತು. ಎಲ್ಡನ್ ಹೋಗಲಿಲ್ಲ.

ಒಮ್ಮೆ ಗೆದ್ದು ಬಸ್ಸಿನಲ್ಲಿ ಬರುವಾಗ ಎಲ್ಡನ್ ರಾಯ್ಸ್‌ನ ಪಕ್ಕ ಬಂದು ಕೂತ.

"ಅವರ ಕಡೆ ಹಿಂದುಗಡೆ ಕಾಯ್ತಿದ್ನಲ್ಲ, ಉದ್ದನೆಯವನು, ಅವನನ್ನ ಗಮನಿಸಿದ್ಯಾ? ಎಡಗಾಲು ಮುಂದಿಟ್ರೆ ಓಡಿ ಬರ್ತಾನೆ, ಬಲಗಾಲು ಮುಂದಿಟ್ರೆ ಹಿಂದಕ್ಕೆ ಸರೀತಾನೆ. ಇಡೀ ಆಟ ಹಂಗೇ ಮಾಡ್ದ."

"ನಂಗ್ಯಾಕೋ ಅವನ ಕಾಲು?" ಎಂದ ರಾಯ್ಸ್. "ನಾನೇನು ಅವನಿಗೆ ಬೂಟು ಮಾರ್ಬೇಕಾ?"

ಬಸ್ಸೆಲ್ಲ ನಕ್ಕಿತು. ಎಲ್ಡನ್ ಕೂಡ ನಕ್ಕಹಾಗೆ ಮಾಡಿ ಎದ್ದುಹೋದ.

ಮೂರನೆಯ ವರ್ಷ ಮುಗಿದ ವಸಂತದಲ್ಲಿ, ವೃತ್ತಿ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ, ಉತ್ತರದ ಒಂದು ದೊಡ್ಡ ನಗರದ ತಂಡ ರಾಯ್ಸ್‌ನನ್ನು ಆರಿಸಿಕೊಂಡಿತು. ಅದೂ ಎಲ್ಲರಿಗಿಂತ ಮುಂಚಿನ ಸರದಿಯಲ್ಲಿ. ಇಷ್ಟು ಗೆದ್ದವನು ಅಲ್ಲಿಯೂ ಗೆಲ್ಲುತ್ತಾನೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಗ್ಯಾರಿಟಿ ಟಿವಿಯವರ ಮುಂದೆ ನಿಂತು, "ನನ್ನ ಕೈಯಲ್ಲಿ ತಯಾರಾದ ಹುಡುಗ" ಎಂದ. ಮುಂದಿನ ವರ್ಷವೇ ಗ್ಯಾರಿಟಿಗೂ ಇನ್ನೂ ದೊಡ್ಡ ಕಾಲೇಜಿನಿಂದ ಕರೆ ಬಂತು. ಎಲ್ಡನ್‌ನನ್ನು ಯಾವ ತಂಡವೂ ಆರಿಸಲಿಲ್ಲ. ಅವನು ತಾನಾಗಿಯೇ ಒಂದೊಂದು ತಂಡದ ಬಾಗಿಲಿಗೂ ಹೋಗಿ, ಕೊನೆಗೆ ಒಂದು ಕಡೆ ಅಭ್ಯಾಸಕ್ಕೆ ಚೆಂಡೆಸೆಯುವ ಕೆಲಸಕ್ಕೆ ಸೇರಿಕೊಂಡ.

ಉತ್ತರದ ನಗರದಲ್ಲಿ ಮೊದಲ ವಾರವೇ ರಾಯ್ಸ್‌ಗೆ ತನ್ನ ಗತಿ ತಿಳಿಯಿತು. ಕೋಣೆಯಲ್ಲಿ ಹಲಗೆಯ ಮೇಲೆ ಹನ್ನೊಂದು ಗುರುತು ಹಾಕಿ, ಮುದಿ ಕೋಚ್ ಒಬ್ಬ ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟ.

"ಎದುರಾಳಿಗಳು ಹಿಂಗೆ ನಿಂತಿದಾರೆ. ಏನ್ ಕಾಣಿಸ್ತಿದೆ ಹೇಳು."

ರಾಯ್ಸ್ ನೋಡಿದ. ಹನ್ನೊಂದು ಗುರುತು ಕಾಣಿಸಿದವು.

"ಚೆಂಡು ಯಾರಿಗೆ ಎಸೀಬೇಕು ಸರ್?"

"ಅದನ್ನೇ ಕಣಯ್ಯ ನಾನು ನಿನ್ನ ಕೇಳ್ತಿರೋದು."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ರಾಯ್ಸ್ ಒಂದು ಕಡೆ ಗೆರೆ ಎಳೆದ. ಮುದಿ ಕೋಚ್ ಅದನ್ನು ಬೆರಳಿನಿಂದ ಒರೆಸಿ, "ಅಲ್ಲಿಗೆ ಎಸೆದ್ರೆ ನಮ್ಮ ಹುಡುಗನ್ನ ಸ್ಟ್ರೆಚರ್ ಮೇಲೆ ಹೊತ್ಕೊಂಡು ಹೋಗ್ಬೇಕು" ಎಂದ. ಬೈದಿದ್ದರೂ ವಾಸಿಯಿತ್ತು. ಅವನು ಕನಿಕರದಿಂದ ಹೇಳಿದ.

ಓದಿದ. ಆಟದ ನಕ್ಷೆಗಳ ಪುಸ್ತಕವನ್ನು ರಾತ್ರಿಯೆಲ್ಲ ಕೂತು ಓದಿದ, ಅದು ಸುಳ್ಳಲ್ಲ. ಆದರೆ ಕಾಗದದ ಮೇಲೆ ತಿಳಿದದ್ದು ಮೈದಾನದಲ್ಲಿ ಕರಗಿಹೋಗುತ್ತಿತ್ತು. ಇಲ್ಲಿ ಎದುರಾಳಿಗಳು ಒಂದು ರೀತಿ ನಿಂತು ಇನ್ನೊಂದು ರೀತಿ ಓಡುತ್ತಿದ್ದರು. ಬಿಡುವಾಗಿ ನಿಂತವನು ಎಂಬುವವನೇ ಇರಲಿಲ್ಲ. ಬಿಡುವಾಗಲಿರುವವನನ್ನು ಮುಂಚೆಯೇ ಊಹಿಸಬೇಕಿತ್ತು. ಮುಂದಿನ ಕಾವಲು ಹುಡುಗರ ಗೋಡೆ ಕಣ್ಣು ಮಿಟುಕಿಸುವುದರಲ್ಲಿ ಒಡೆಯುತ್ತಿತ್ತು. ಮೊದಲ ದೊಡ್ಡ ಆಟದಲ್ಲಿ ಚೆಂಡು ಮತ್ತೆ ಮತ್ತೆ ಎದುರಾಳಿಗಳ ಕೈಗೇ ಹೋಯಿತು. ಅವನು ಅಭ್ಯಾಸಬಲದಿಂದ ಕತ್ತು ತಿರುಗಿಸಿ ಮೈದಾನದ ಅಂಚಿನ ಕಡೆ ನೋಡಿದ. ಅಲ್ಲಿ ಯಾರೂ ಟೋಪಿ ಮುಟ್ಟಲಿಲ್ಲ. ಕಿಕ್ಕಿರಿದ ಜನ ಊಳಿಟ್ಟರು. ಒಬ್ಬ ಮುದುಕಿ ತನ್ನ ಬಿಸಿ ಕಾಫಿಯನ್ನೇ ಅವನ ಮೇಲೆ ಎಸೆದಳು.

ಮೂರನೆಯ ವರ್ಷ ತಂಡ ಅವನನ್ನು ಬಿಟ್ಟಿತು. ಇನ್ನೆರಡು ತಂಡಗಳು ಕೈಯನ್ನು ನೋಡಿ ಆಸೆಪಟ್ಟು ಕರೆಸಿಕೊಂಡು, ತಲೆಯನ್ನು ನೋಡಿ ಕಳಿಸಿದವು. ರಾಯ್ಸ್ ಊರಿಗೆ ಬಂದ. ಕಾಲೇಜು ಕಾಲದಿಂದ ಕಾದಿದ್ದ ಡಾರ್ಲಾ ಅವನನ್ನು ಮದುವೆಯಾದಳು. ಬಡ್ ವಿಟ್‌ಲಾಕ್ ಎಂಬವನ ಅಂಗಡಿಯಲ್ಲಿ ಹೊಲಕ್ಕೆ ನೀರು ಚಿಮ್ಮಿಸುವ ಯಂತ್ರ, ಪೈಪು ಮಾರುವ ಕೆಲಸ ಸಿಕ್ಕಿತು. ಬಡ್‌ಗೆ ಬೇಕಿದ್ದುದು ಅವನ ಹೆಸರು. "ರಾಯ್ಸ್ ಟ್ಯಾಕೆಟ್ ಮನೆ ಬಾಗಿಲಿಗೆ ಬಂದ್ರೆ ಯಾವ ರೈತ ಇಲ್ಲ ಅಂತಾನೆ?" ಎನ್ನುತ್ತಿದ್ದ.

ಯಾರೂ ಇಲ್ಲ ಎನ್ನಲಿಲ್ಲ. ಒಳಗೆ ಕರೆದು ಕೂರಿಸಿ, ಪೀಕನ್ ಬೀಜದ ಸಿಹಿ ಕಡುಬು ಕೊಟ್ಟು, ಆಮೇಲೆ ಕೇಳುತ್ತಿದ್ದರು. "ಅಲ್ಲಪ್ಪ, ಅಲ್ಲಿ ನಿಂಗೆ ಆಗಿದ್ದಾದ್ರೂ ಏನು?" ಮೊದಮೊದಲು ಭುಜದ ನೋವು ಎಂದ. ಆಮೇಲೆ ಕೋಚ್ ಸರಿಯಿರಲಿಲ್ಲ ಎಂದ. ಕೊನೆಗೆ ಏನೂ ಹೇಳದೆ ಕಡುಬು ತಿನ್ನುವುದನ್ನು ಕಲಿತ. ವೆರ್ನಾಳ ಹೋಟೆಲಿನಲ್ಲಿ ಬೆನ್ನ ಹಿಂದಿನ ಮಾತು ಬೆನ್ನಿಗೆ ಕೇಳುವಷ್ಟು ಜೋರಾಗಿಯೇ ಇರುತ್ತಿತ್ತು.

"ನಮ್ಮೂರ ನೀರಲ್ಲಿ ಮಾತ್ರ ಈಜೋ ಮೀನು ಕಣೋ ಅದು."

"ಆ ಫ್ರೀಸನ್ ಹುಡುಗನ್ನ ನೋಡು ಮತ್ತೆ. ಇಲ್ಲಿ ಕುರ್ಚಿ ಬಿಸಿ ಮಾಡ್ತಿದ್ದ. ಅಲ್ಲಿ ಹೆಂಗೆ ಆಡ್ತಾನೆ!"

ಹೌದು, ಎಲ್ಡನ್ ಆಡುತ್ತಿದ್ದ. ಅಭ್ಯಾಸಕ್ಕೆ ಚೆಂಡೆಸೆಯಲು ಹೋದವನು, ಮುಖ್ಯ ಆಟಗಾರನ ಮೊಣಕಾಲು ಮುರಿದಾಗ ಮೈದಾನಕ್ಕೆ ಇಳಿದ. ಮತ್ತೆ ಬೆಂಚಿಗೆ ಬರಲಿಲ್ಲ. ಎಸೆತದಲ್ಲಿ ಏನೂ ವಿಶೇಷವಿರಲಿಲ್ಲ. ಆದರೆ ಚೆಂಡು ಕೈಗೆ ಬರುವ ಮುಂಚೆಯೇ ಅದು ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿದಿರುತ್ತಿತ್ತು. ಹನ್ನೊಂದು ವರ್ಷ ಆಡಿದ. ರಾಯ್ಸ್ ಟಿವಿಯಲ್ಲಿ ಅವನನ್ನು ನೋಡುತ್ತ ಕೂತರೆ ಡಾರ್ಲಾ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದಳು. ಒಮ್ಮೆ ಮಾತ್ರ ಅಂದಳು: "ಆರಿಸ್ಬಾರ್ದಾ ಅದನ್ನ? ಹಲ್ಲುನೋವಿದ್ರೂ ಅದೇ ಹಲ್ಲಲ್ಲಿ ಕಡೀತೀಯಲ್ಲ ನೀನು."

ಎಲ್ಡನ್ ಆಟ ಬಿಟ್ಟ ವರ್ಷ ಕಾಲೇಜಿನವರು ಅವನಿಗೆ ಸನ್ಮಾನ ಇಟ್ಟುಕೊಂಡರು. ಅಲ್ಲಿ ಒಂದು ಆಟವನ್ನೂ ಆಡದವನ ಅಂಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವವರಿದ್ದರು. ಅವನನ್ನು ಸಭೆಗೆ ಪರಿಚಯಿಸಲು ರಾಯ್ಸ್‌ನನ್ನು ಕೇಳಿದರು.

"ಒಪ್ಕೋ," ಎಂದ ಬಡ್. "ಊಟಕ್ಕೆ ಬರೋರೆಲ್ಲ ನಮ್ಮ ಗಿರಾಕಿಗಳೇ. ನಾಲ್ಕು ಒಳ್ಳೆ ಮಾತಾಡಿ ಕೂತ್ಕೋ."

"ಬೇಡ," ಎಂದಳು ಡಾರ್ಲಾ. "ಅವರಿಗೆ ಬೇಕಿರೋದು ನಿನ್ನ ಮಾತಲ್ಲ. ನಿಮ್ಮಿಬ್ಬರನ್ನ ಅಕ್ಕಪಕ್ಕ ನಿಲ್ಲಿಸಿ ನೋಡ್ಬೇಕು ಅಷ್ಟೆ."

ರಾಯ್ಸ್ ಒಪ್ಪಿಕೊಂಡ. ಬಿಗಿಯಾದ ಹಳೆಯ ಕೋಟನ್ನು ಡಾರ್ಲಾ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಳು.

ಸಭಾಂಗಣ ತುಂಬಿತ್ತು. ಹೊಗೆಯಲ್ಲಿ ನಿಧಾನವಾಗಿ ಬೇಯಿಸಿದ ದನದ ಬ್ರಿಸ್ಕೆಟ್ ಮಾಂಸ, ಬೀನ್ಸ್ ಕಾಳು, ಸಿಹಿ ಚಹಾ. ಗ್ಯಾರಿಟಿಯೂ ಬಂದಿದ್ದ, ತಲೆ ನರೆತಿತ್ತು, ಹಲ್ಲು ಹೊಸದಾಗಿದ್ದವು. ಮೊದಲು ಅವನೇ ಮಾತಾಡಿದ. "ಎಲ್ಡನ್‌ನಲ್ಲಿ ಏನೋ ಇದೆ ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು. ಬೇಕಂತಲೇ ಕಾಯಿಸ್ದೆ. ಕೆಲವರನ್ನ ನಿಧಾನವಾಗಿ ಬೇಯಿಸ್ಬೇಕು, ಈ ಬ್ರಿಸ್ಕೆಟ್ ಥರ" ಎಂದ. ಜನ ಚಪ್ಪಾಳೆ ತಟ್ಟಿ ನಕ್ಕರು. ಆಮೇಲೆ ರಾಯ್ಸ್‌ನ ಕಡೆ ಕೈ ತೋರಿಸಿ, "ಕೆಲವರು ಬೇಗ ಬೇಯ್ತಾರೆ" ಎಂದ. ಇನ್ನೂ ಜೋರಾಗಿ ನಕ್ಕರು.

ರಾಯ್ಸ್ ಎದ್ದು ಮೈಕಿನ ಹತ್ತಿರ ಹೋದ. ಹೇಳಬೇಕೆಂದುಕೊಂಡಿದ್ದ ನಾಲ್ಕು ಒಳ್ಳೆಯ ಮಾತು ನಾಲಿಗೆಯ ತುದಿಯಲ್ಲಿದ್ದವು. ಬಾಯಿಗೆ ಬಂದದ್ದು ಬೇರೆ.

"ಕೋಚ್ ಹೇಳಿದ್ದು ಸುಳ್ಳು," ಎಂದ. "ಎಲ್ಡನ್‌ನ ಅಪ್ಪನಿಗೆ ಇವರು ಏನ್ ಹೇಳಿದ್ರು ಅಂತ ಇಲ್ಲಿರೋ ನಮ್ಮ ತಂಡದವರಿಗೆಲ್ಲ ಗೊತ್ತು. ಎಲ್ಡನ್‌ನ ಇವರು ತಯಾರು ಮಾಡ್ಲಿಲ್ಲ. ಇವರು ತಯಾರು ಮಾಡಿದ್ದು ನನ್ನನ್ನ. ಮೂರು ವರ್ಷ ನನ್ನ ಕೈ ದುಡೀತು, ನನ್ನ ತಲೇಲಿ ಇವರು ಕೂತಿದ್ರು. ಗೆಲ್ತಿದ್ವಿ, ಅದಕ್ಕೆ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಆಮೇಲೆ ಇವರು ದೊಡ್ಡ ಕಾಲೇಜಿಗೆ ಹೋದ್ರು, ನನ್ನ ತಲೆ ಖಾಲಿಯಾಗಿ ಉಳೀತು." ಎಲ್ಡನ್ ಕಡೆಗೆ ತಿರುಗಿ, "ಎಲ್ಡನ್ ಫ್ರೀಸನ್" ಎಂದು ಹೇಳಿ ಕೂತ.

ಗ್ಯಾರಿಟಿ ಹೊಸ ಹಲ್ಲು ಬಿಟ್ಟು ಪಕ್ಕದವನಿಗೆ ಕುಡಿಯುವ ಸನ್ನೆ ಮಾಡಿ ತೋರಿಸಿದ. ಅಷ್ಟೇ ಸಾಕಾಯಿತು, ಆ ಸನ್ನೆ ಮೇಜಿನಿಂದ ಮೇಜಿಗೆ ಹೋಯಿತು. ರಾಯ್ಸ್ ಅಂದು ಸಿಹಿ ಚಹಾ ಬಿಟ್ಟು ಬೇರೇನೂ ಕುಡಿದಿರಲಿಲ್ಲ. ಎಲ್ಡನ್ ಎದ್ದು ಅಪ್ಪ ಅಮ್ಮನಿಗೆ, ದೇವರಿಗೆ, ಕೋಚ್‌ಗೆ ಕೃತಜ್ಞತೆ ಹೇಳಿದ. ಕೋಚ್‌ಗೂ ಹೇಳಿದ.

ಕಾರು ನಿಲ್ಲಿಸಿದ್ದ ಕಡೆ ಎಲ್ಡನ್ ಹಿಂದಿನಿಂದ ಬಂದ.

"ನಂಗೋಸ್ಕರ ಹೇಳಿದ್ಯಾ ಅದನ್ನೆಲ್ಲ?"

"ನಿಜ ಹೇಳ್ದೆ."

"ಅರ್ಧ ನಿಜ," ಎಂದ ಎಲ್ಡನ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಕೋಚ್ ನಿನ್ನ ತಲೇಲಿ ಕೂತಿದ್ದ, ಸರಿ. ನಾನು ಮೂರು ವರ್ಷ ನಿನ್ನ ಪಕ್ಕದಲ್ಲೇ ಇದ್ದೆ. ಬೆಂಚಲ್ಲಿ ಮಾಡೋಕೆ ಬೇರೆ ಏನ್ ಕೆಲಸ ಇತ್ತು ನಂಗೆ? ಎಲ್ಲಾ ನೋಡ್ತಿದ್ದೆ. ಎಷ್ಟು ಸಲ ನಿನಗೆ ಹೇಳೋಕೆ ಬಂದೆ. ನೀನು ಒಂದು ಸಲ, ಒಂದೇ ಸಲ, ಏನ್ ಕಾಣಿಸ್ತೋ ಅಂತ ಕೇಳ್ಲಿಲ್ಲ. ನಗಿಸ್ದೆ."

ರಾಯ್ಸ್ ಕಾರಿನ ಬಾಗಿಲು ಹಿಡಿದುಕೊಂಡು ನಿಂತ.

"ನಿನಗಿದ್ದ ಕೈ ನಂಗಿದ್ದಿದ್ರೆ ನಾನೂ ಕಲೀತಿರ್ಲಿಲ್ಲವೇನೋ," ಎಂದ ಎಲ್ಡನ್. "ಇರ್ಲಿಲ್ಲ, ಅದಕ್ಕೆ ಕಲ್ತೆ. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ಡಾರ್ಲಾಗೆ ಕೇಳ್ದೆ ಅಂತ ಹೇಳು." ಅವನು ದೀಪಗಳ ಕಡೆಗೆ ವಾಪಸು ಹೋದ. ಅಲ್ಲಿ ಜನ ಅವನ ಜೊತೆ ಫೋಟೊ ತೆಗೆಸಿಕೊಳ್ಳಲು ಕಾಯುತ್ತಿದ್ದರು.

ಸೋಮವಾರ ಬಡ್ ಅವನನ್ನು ಒಳಗೆ ಕರೆದ. "ನೋಡಪ್ಪ, ನಂಗೆ ನಿನ್ನ ಮೇಲೆ ಏನೂ ಇಲ್ಲ. ಆದ್ರೆ ಬೆಳಗಿನಿಂದ ಫೋನು ನಿಂತಿಲ್ಲ. ಕುಡಿದು ಕೋಚ್‌ನ ಬೈದವನು ನಮ್ಮ ಹೊಲಕ್ಕೆ ಕಾಲಿಡೋದು ಬೇಡ ಅಂತಾರೆ. ಉತ್ತರದ ಕಡೆ, ಪ್ಯಾನ್‌ಹ್ಯಾಂಡಲ್ ಸೀಮೆ ಆಚೆ, ನಂಗೆ ಒಬ್ಬ ಮನುಷ್ಯ ಬೇಕು."

"ನಾನು ಕುಡಿದಿರ್ಲಿಲ್ಲ ಬಡ್."

"ಗೊತ್ತು. ಕುಡಿದಿದ್ರೆ ಕ್ಷಮಿಸ್ಬಿಡ್ತಿದ್ರು."

ಅವರು ಹೋದರು. ಡಾರ್ಲಾ ತನ್ನ ಶಾಲೆಯ ಕೆಲಸ ಬಿಟ್ಟು ಬಂದಳು. ಅದನ್ನು ಅವಳು ಎತ್ತಿ ಆಡಲಿಲ್ಲ, ಅವನೂ ಮರೆಯಲಿಲ್ಲ. ರಾಯ್ಸ್‌ನ ಅಪ್ಪ ಆ ಊರಿನಲ್ಲೇ ಉಳಿದ. ದೊಡ್ಡ ಮನುಷ್ಯರ ಮೇಜಿನ ಕುರ್ಚಿಯನ್ನು ಯಾರೂ ಕಸಿದುಕೊಳ್ಳಲಿಲ್ಲ, ಅವನೇ ಅಲ್ಲಿಗೆ ಹೋಗುವುದನ್ನು ಬಿಟ್ಟ. ಫೋನಿನಲ್ಲಿ ಮಗನಿಗೆ, "ಮಾತಾಡೋ ಮುಂಚೆ ನನ್ನ ನೆನಸ್ಕೋಬೋದಿತ್ತು ನೀನು" ಎಂದಷ್ಟೇ ಹೇಳಿದ.

ಹೊಸ ಜಾಗದಲ್ಲಿ ರಾಯ್ಸ್ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವನು ಚೆನ್ನಾಗಿಯೇ ಮಾರಿದ. ಕಡುಬಿನ ಜೊತೆ ಪ್ರಶ್ನೆ ಬರುತ್ತಿರಲಿಲ್ಲ. ಅದು ನೆಮ್ಮದಿಯೂ ಆಗಿತ್ತು, ಒಳಗೊಳಗೆ ಕೊರೆಯುತ್ತಲೂ ಇತ್ತು.

ಒಂದು ವಸಂತದ ಸಂಜೆ ಒಬ್ಬ ಜೋಳದ ರೈತನ ಅಡುಗೆಮನೆಯಲ್ಲಿ ಕೂತು ಅವನು ಹೊಲದ ನಕ್ಷೆ ಬರೆಯುತ್ತಿದ್ದ. ಟಿವಿಯಲ್ಲಿ ವೃತ್ತಿ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದನ್ನು ತೋರಿಸುತ್ತಿದ್ದರು. ಗ್ಯಾರಿಟಿಯ ಈಗಿನ ಕ್ವಾರ್ಟರ್‌ಬ್ಯಾಕ್, ಎತ್ತರದ ಹುಡುಗ, ಹೊಸ ಸೂಟು ಹಾಕಿಕೊಂಡು ವೇದಿಕೆ ಹತ್ತಿದ. ಗ್ಯಾರಿಟಿ ಅವನನ್ನು ತಬ್ಬಿಕೊಂಡ.

"ನೋಡ್ರೀ ಈ ಹುಡುಗನ್ನ," ಎಂದ ರೈತ. "ಕಾಲೇಜಲ್ಲಿ ಸೋತಿದ್ದೇ ಇಲ್ಲ. ಅಲ್ಲೂ ಎಲ್ಲರನ್ನೂ ನೀರು ಕುಡಿಸ್ತಾನೆ, ಅಲ್ವಾ?"

ರಾಯ್ಸ್ ಟಿವಿಯ ಕಡೆ ನೋಡಿದ. ಹುಡುಗ ನಗುತ್ತಿದ್ದ. ಯಾರೋ ಅವನ ತಲೆಗೆ ತಂಡದ ಟೋಪಿ ಇಟ್ಟರು. ಮೈಕು ಮುಂದೆ ಬಂದಾಗ ಏನು ಹೇಳಬೇಕೆಂದು ತೋಚದೆ ಅವನು ಪಕ್ಕಕ್ಕೆ ತಿರುಗಿ ಕೋಚ್‌ನ ಮುಖ ನೋಡಿದ.

"ಆದ್ರೂ ಆಗ್ಬೋದು," ಎಂದ ರಾಯ್ಸ್. "ನಿಮ್ಮ ಬಾವಿ ಆಗಸ್ಟ್‌ನಲ್ಲಿ ಬತ್ತುತ್ತಾ, ಇಲ್ಲ ನೀರಿರುತ್ತಾ?"