ಖಾಲಿ ಕಳಿಸಿದ ಡಬ್ಬಿ

ಆ ದಿನವೂ ನಾನು ಎದ್ದದ್ದು ಎಂದಿನಂತೆ ಐದೂವರೆಗೇ. ಹಿಂದಿನ ರಾತ್ರಿ ರುಬ್ಬಿಟ್ಟಿದ್ದ ಹಿಟ್ಟಿನಲ್ಲಿ ತೆಳ್ಳೇವು ದೋಸೆ ಎರೆದೆ, ಕಾಯಿಚಟ್ನಿ ಮಾಡಿದೆ. ಸಿದ್ದಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಮ್ಮವರು ಏಳೂಮುಕ್ಕಾಲರ ಬಸ್ಸಿಗೆ ಹೊರಟರು. ಮಗಳು ಮೇಧಾ ಆಗ ಏಳನೇ ಕ್ಲಾಸು. ಎರಡು ಜಡೆ ಹಾಕಿಸಿಕೊಳ್ಳುವಷ್ಟು ಹೊತ್ತೂ ಅವಳ ಬಾಯಿಗೆ ಬಿಡುವಿಲ್ಲ, ಹಾಡುತ್ತಲೇ ಇರಬೇಕು. ಮರುದಿನ ತಾಲ್ಲೂಕು ಮಟ್ಟದ ಹಾಡಿನ ಸ್ಪರ್ಧೆ ಇದ್ದದ್ದರಿಂದ ಅವತ್ತು ಇನ್ನೂ ಜೋರು. ಮೇಲಿನ ಸ್ವರಕ್ಕೆ ಹೋಗುವಾಗ ಅವಳ ಕುತ್ತಿಗೆ ಎತ್ತರವಾಗುತ್ತಿತ್ತು, ನನ್ನ ಕೈಯಿಂದ ಕೂದಲು ಜಾರುತ್ತಿತ್ತು. "ಒಂದು ಗಳಿಗೆ ಬಾಯಿ ಮುಚ್ಚೇ, ಜಡೆ ಸೊಟ್ಟ ಆಗ್ತು" ಎಂದು ಬೈದೆ. ದಿನಾ ಬೈಯುವ ಮಾತೇ ಅದು. ಆದರೂ ಆ ದಿನ ಬೈದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಒಂಬತ್ತಕ್ಕೆ ಅವಳೂ ಹೋದಳು. ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಒಂದು ಲೋಟ ಚಹಾ ಇಟ್ಟುಕೊಂಡು ಊಟದ ಮೇಜಿನ ಮುಂದೆ ಬರೆಯಲು ಕೂತೆ.

ಇಲ್ಲಿ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ನಾನು ಆಗ ಬರೆಯುತ್ತಿದ್ದದ್ದು ದೆವ್ವದ ಕಥೆಗಳನ್ನು. ಒಂದು ವಾರಪತ್ರಿಕೆಯಲ್ಲಿ ಬೇರೆ ಹೆಸರಿನಲ್ಲಿ ಬರುತ್ತಿದ್ದವು. ಹಲ್ಲಿ ಕಂಡರೆ ಕುರ್ಚಿ ಹತ್ತುವ ನಾನು ಇಂಥದ್ದನ್ನು ಬರೆಯುತ್ತೇನೆಂದು ಗೊತ್ತಿದ್ದವರಿಗೆಲ್ಲ ನಗು. ನನಗೂ ನಗುವೇ. ಯಾಕೆಂದರೆ ನನಗೆ ಇದರಲ್ಲಿ ಒಂದು ಸಾಸಿವೆಯಷ್ಟೂ ನಂಬಿಕೆ ಇರಲಿಲ್ಲ. ನಾನು ಯಲ್ಲಾಪುರದ ಕಡೆಯವಳು, ಓದಿದ್ದು ಕಾನ್ವೆಂಟಿನಲ್ಲಿ. ದೆವ್ವ ಇರುವುದು ಪಾಠ ಓದದ ಮಕ್ಕಳ ತಲೆಯಲ್ಲಿ ಮಾತ್ರ ಎಂದು ನಮ್ಮ ಸಿಸ್ಟರ್ ಒಬ್ಬರು ಹೇಳುತ್ತಿದ್ದರು. ನಾನು ಪಾಠ ಓದುವ ಮಗುವಾಗಿದ್ದೆ.

ಬರೆಯುವುದಕ್ಕೆ ನನ್ನದೊಂದು ಕ್ರಮವಿತ್ತು. ನಮ್ಮ ನಿಮ್ಮಂಥ ಒಬ್ಬ ಹೆಂಗಸನ್ನು ತೆಗೆದುಕೊಳ್ಳುವುದು. ಅವಳಿಂದ ಬಿಡಲಾಗದ ಒಂದು ಒಳ್ಳೆಯ ಅಭ್ಯಾಸವನ್ನು ಹುಡುಕುವುದು. ಕತ್ತಲೆ ಬಂದು ಆ ಅಭ್ಯಾಸವನ್ನೇ ಹಿಡಿದು ಅವಳನ್ನು ಎಳೆದುಕೊಂಡು ಹೋಗುವ ಹಾಗೆ ಮಾಡುವುದು. ಈ ಸಲ ನಾನು ಹುಡುಕಿದ್ದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇರುವ ಅಭ್ಯಾಸ. ಬೇರೆ ಮನೆಯಿಂದ ತಿಂಡಿ ಬಂದ ಪಾತ್ರೆಯನ್ನು ಖಾಲಿ ತಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿಯೇ ಕಳಿಸಬೇಕು. ನನ್ನ ಕಥೆಯ ಹೆಂಗಸಿನ ಮೆಟ್ಟಿಲ ಮೇಲೆ ಒಂದು ಬೆಳಗ್ಗೆ ಸ್ಟೀಲಿನ ಡಬ್ಬಿ ಸಿಗುತ್ತದೆ. ಒಳಗೆ ಹಾಲ್ಬಾಯಿ, ಅಕ್ಕಿ ಬೆಲ್ಲ ಕಾಯಿಹಾಲಿನ ಸಿಹಿ. ಪಾತ್ರೆಯ ಮೇಲೆ ಮನೆಯವರ ಹೆಸರು ಕೆತ್ತಿಸುತ್ತಾರಲ್ಲ, ಆ ಹೆಸರನ್ನು ಯಾರೋ ಉಜ್ಜಿ ತೆಗೆದಿರುತ್ತಾರೆ. ಯಾರದೆಂದು ಗೊತ್ತಿಲ್ಲದಿದ್ದರೂ ಅವಳು ಸಕ್ಕರೆ ಹಾಕಿ ಅಲ್ಲೇ ಇಡುತ್ತಾಳೆ. ಡಬ್ಬಿ ಹೋಗುತ್ತದೆ, ಮತ್ತೆ ಬರುತ್ತದೆ. ಹೀಗೇ ಎಷ್ಟೋ ಸಲ. ಕೊನೆಗೆ ಒಂದು ದಿನ ಅವಸರದಲ್ಲಿ ಅದನ್ನು ಖಾಲಿ ಇಟ್ಟುಬಿಡುತ್ತಾಳೆ. ಖಾಲಿ ಬಂದ ಡಬ್ಬಿ ತನ್ನನ್ನು ತಾನೇ ತುಂಬಿಸಿಕೊಳ್ಳುತ್ತದೆ, ಅವಳ ಮಗಳ ಧ್ವನಿಯಿಂದ.

ಮಗಳ ಧ್ವನಿ ಹೋಗುವ ಆ ಭಾಗವನ್ನು ನಾನು ಬರೆದದ್ದು ಆ ಬೆಳಗ್ಗೆಯೇ. ಮೇಧಾಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ. ಡಬ್ಬಿಯ ಮುಚ್ಚಳದ ಅಂಚು ನೆಗ್ಗಿತ್ತು, ಡಬ್ಬಿಯ ನೆಗ್ಗಿಗೆ ಮುಚ್ಚಳದ ನೆಗ್ಗು ಸರಿಯಾಗಿ ಕೂತರೆ ಮಾತ್ರ ಮುಚ್ಚುತ್ತಿತ್ತು ಎಂದೂ ಒಂದು ಸಾಲು ಸೇರಿಸಿದೆ. ಇಂಥ ಸಣ್ಣ ವಿವರ ಇದ್ದರೆ ಓದುವವರು ನಂಬುತ್ತಾರೆ. ಹತ್ತೂವರೆ ದಾಟಿತ್ತು. ಚಹಾ ಆರಿ ಕೆನೆಗಟ್ಟಿತ್ತು. ಅಂಗಳದಲ್ಲಿ ಒಣಹಾಕಿದ್ದ ಹಪ್ಪಳ ಮಗುಚಲೆಂದು ಬಾಗಿಲು ತೆಗೆದೆ.

ಮೆಟ್ಟಿಲ ಮೇಲೆ ಡಬ್ಬಿ ಇತ್ತು.

ನನಗೆ ಮೊದಲು ಹೆದರಿಕೆಯಾಗಲಿಲ್ಲ. ನಮ್ಮ ಶಿರಸಿಯಲ್ಲಿ ಮನೆಯಿಂದ ಮನೆಗೆ ಡಬ್ಬಿ ಹೋಗುವುದು ದಿನದ ಮಾತು. ಎತ್ತಿಕೊಂಡೆ, ಬೆಚ್ಚಗಿತ್ತು. ಮುಚ್ಚಳ ತೆಗೆದರೆ ಹಾಲ್ಬಾಯಿ, ಆಗಷ್ಟೇ ಕತ್ತರಿಸಿದ ಹಾಗೆ ಅಂಚು ಚೂಪಾಗಿತ್ತು. ಮತ್ತೆ ಮುಚ್ಚಲು ಹೋದೆ, ಮುಚ್ಚಳ ಕೂರಲಿಲ್ಲ. ತಿರುಗಿಸಿದೆ. ನೆಗ್ಗಿಗೆ ನೆಗ್ಗು ಸೇರಿದಾಗ ಟಕ್ ಎಂದು ಕೂತಿತು. ಆಗ ನನ್ನ ಕೈ ನಿಂತಿತು. ನಿಧಾನಕ್ಕೆ ಡಬ್ಬಿಯನ್ನು ಬೆಳಕಿಗೆ ಹಿಡಿದೆ. ಹೆಸರು ಇರಬೇಕಾದ ಜಾಗದಲ್ಲಿ, ಹೆಬ್ಬೆರಳಗಲ, ಮರಳಿನಿಂದ ಉಜ್ಜಿದಂಥ ಮಸುಕು.

ಒಳಗೆ ಮೇಜಿನ ಮೇಲೆ ಆ ಸಾಲಿನ ಶಾಯಿ ಇನ್ನೂ ಹಸಿಯಾಗಿತ್ತು. ಅದನ್ನು ನಾನಲ್ಲದೆ ಯಾರೂ ನೋಡಿರಲಿಲ್ಲ.

ಪಕ್ಕದ ಮನೆಯ ಸರೋಜಕ್ಕ ಅವರ ಅಂಗಳದಲ್ಲಿ ಹರಿವೆ ಸೊಪ್ಪು ಸೋಸುತ್ತಿದ್ದರು. ಅರವತ್ತೈದು ದಾಟಿದವರು, ಬೀದಿಯ ಎಲ್ಲ ಮನೆಯ ಅಡುಗೆಯೂ ಅವರಿಗೆ ವಾಸನೆಯಿಂದಲೇ ಗೊತ್ತು. ಕಂಪೌಂಡಿನ ಗೋಡೆಯ ಹತ್ತಿರ ಹೋಗಿ ಕೇಳಿದೆ. "ಸರೋಜಕ್ಕ, ಹಾಲ್ಬಾಯಿ ನೀವು ಕಳಿಸಿದ್ದಾ?"

"ಎಂಗೆ ಈ ಮೊಣಕಾಲು ಇಟ್ಕಂಡು ಹಾಲ್ಬಾಯಿ ಮಾಡಲೆ ಎಲ್ಲಿ ಆಗ್ತು ಮಾರಾಯ್ತಿ?" ಎಂದು ನಕ್ಕರು. "ನೀನೇ ಮಾಡಿ ಕೊಡು, ಆನು ತಿಂತಿ. ಎಂತಕ್ಕೆ, ಯಾರು ಕೊಟ್ಟ?"

"ಗೊತ್ತಿಲ್ಲೆ. ಮೆಟ್ಲ ಮೇಲಿತ್ತು. ಯಾರಾದ್ರೂ ಬಂದದ್ದು ಕಂಡ್ರಾ?"

"ಆನು ಒಂಬತ್ತೂವರೆಯಿಂದ ಇಲ್ಲೇ ಇದ್ದಿ. ನಿಮ್ಮನೆ ಗೇಟು ಕಿರ್ ಅಂದ್ರೆ ಎಂಗೆ ಕೇಳದೆ ಇರ್ತಾ? ಎಣ್ಣೆ ಬಿಡು ಹೇಳಿ ನಿನ್ನ ಗಂಡಂಗೆ ಎಷ್ಟು ಸಲ ಹೇಳಿದ್ದಿ."

ಅದೂ ನಿಜವೇ. ನಮ್ಮ ಗೇಟು ಕಿರುಗುಡದೆ ತೆರೆಯುವುದಿಲ್ಲ. ನಾನೂ ಅದನ್ನು ಕೇಳಿರಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ನೀವು ನನ್ನನ್ನು ಏನೆಂದುಕೊಂಡರೂ ಸರಿ. ಒಳಗೆ ಬಂದು ಹಾಲ್ಬಾಯಿಯನ್ನು ಬಾಳೆಯ ಬುಡಕ್ಕೆ ಸುರಿದೆ. ಡಬ್ಬಿ ತೊಳೆದೆ. ಒರೆಸಿದೆ. ಅಭ್ಯಾಸಬಲದಿಂದ ಸಕ್ಕರೆ ಭರಣಿಯ ಮುಚ್ಚಳ ತೆಗೆದು ಚಮಚವನ್ನೂ ಹಾಕಿದೆ. ಆಗ ನನ್ನ ಮೇಲೇ ಸಿಟ್ಟು ಬಂತು. ನಾನು ಬರೆದ ಸುಳ್ಳಿಗೆ ನಾನೇ ಹೆದರುವುದೇ? ಕಾನ್ವೆಂಟಿನಲ್ಲಿ ಓದಿದವಳು, ಗಣಿತ ಮಾಸ್ತರ ಹೆಂಡತಿ! ಚಮಚವನ್ನು ಭರಣಿಗೇ ಮಗುಚಿದೆ. ಖಾಲಿ ಡಬ್ಬಿಯನ್ನು, ನೆಗ್ಗಿಗೆ ನೆಗ್ಗು ಸೇರಿಸಿ ಮುಚ್ಚಿ, ಕಂಪೌಂಡಿನ ಗೋಡೆಯ ಮೇಲೆ ಇಟ್ಟುಬಂದೆ. ಯಾರದೋ ಅವರು ತೆಗೆದುಕೊಂಡು ಹೋಗಲಿ ಎಂದು. ಜೀವನದಲ್ಲಿ ಮೊದಲ ಸಲ ನಾನು ಒಂದು ಪಾತ್ರೆಯನ್ನು ಖಾಲಿ ತಿರುಗಿಸಿದೆ, ಅದೂ ಬೇಕೆಂತಲೇ. ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಅನ್ನಕ್ಕೆ ಇಡುವಾಗ ದಿನಾ ನೋಡುತ್ತೇನೆ, ಹಾಗಾಗಿ ನೆನಪಿದೆ.

ಕುಕ್ಕರ್ ಎರಡು ಸೀಟಿ ಹಾಕುವುದರೊಳಗೆ ಹೊರಗೆ ಹೋಗಿ ನೋಡಿದೆ. ಗೋಡೆಯ ಮೇಲೆ ಡಬ್ಬಿ ಇರಲಿಲ್ಲ.

ಶಾಲೆಯಿಂದ ಫೋನು ಬಂದದ್ದು ಹನ್ನೆರಡಕ್ಕೆ. ಟೀಚರ್ ಗಾಬರಿ ತೋರಿಸದಿರಲು ಪ್ರಯತ್ನಿಸುತ್ತಿದ್ದರು. "ಮೇಧಾ ಹುಷಾರಾಗಿದ್ದಾಳೆ, ಜ್ವರ ಏನಿಲ್ಲ. ಆದ್ರೆ ಸಣ್ಣ ಬಿಡುವಿನಿಂದ ಈಚೆ ಅವಳಿಗೆ ಮಾತು ಬರ್ತಿಲ್ಲ. ಒಂದ್ಸಲ ಬರ್ತೀರಾ?"

ಆಟೋದಲ್ಲಿ ಹೇಗೆ ಹೋದೆನೋ ತಿಳಿಯದು. ಆಫೀಸಿನ ಬೆಂಚಿನ ಮೇಲೆ ಕೂತಿದ್ದ ಮೇಧಾ ನನ್ನನ್ನು ಕಂಡು ಎದ್ದು ಬಾಯಿ ತೆರೆದಳು. "ಅಮ್ಮಾ" ಎನ್ನುವ ಆಕಾರ ತುಟಿಯಲ್ಲಿ ಕಂಡಿತು. ಶಬ್ದವೇ ಇಲ್ಲ. ಗೊಗ್ಗರು ದನಿಯೂ ಇಲ್ಲ, ಪಿಸುಮಾತೂ ಇಲ್ಲ. ಅವಳು ಅಳುತ್ತಿದ್ದಳು, ಅಳುವಿಗೂ ಶಬ್ದವಿರಲಿಲ್ಲ. ನಾನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಎಂತ ಆತು ಪುಟ್ಟಿ? ಬಿದ್ದೆಯಾ? ಎಂತಾದ್ರೂ ತಿಂದೆಯಾ?" ಎಂದು ಒಂದೇ ಉಸಿರಿಗೆ ಕೇಳಿದೆ. ಅವಳು ತಲೆ ಅಲ್ಲಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದಳು.

"ಹಾಡ್ತಾ ಇದ್ದೆ. ಯಾರೋ ತಗೊಂಡ ಹಾಗೆ ನಿಂತುಹೋಯ್ತು."

ಅದರ ಕೆಳಗೆ, ಸ್ವಲ್ಪ ತಡೆದು, ಒಂದೇ ಪದ. "ನಾಳೆ?"

ಯಾವಾಗ ನಿಂತಿತೆಂದು ಟೀಚರನ್ನು ಕೇಳುವ ಧೈರ್ಯ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಬಿಡುವಿನ ಗಂಟೆ ಹೊಡೆಯುವುದು ಹನ್ನೊಂದೂ ಕಾಲಿಗೆ ಎಂದರು. ಗಂಟೆ ಹೊಡೆದು ಐದು ನಿಮಿಷ ಆಗಿರಬಹುದು, ಕಾರಿಡಾರಿನಲ್ಲಿ ಗೆಳತಿಯರಿಗೆ ಹಾಡಿ ತೋರಿಸುತ್ತಿದ್ದಳು ಎಂದರು.

ನೇರ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕನ್ನಡಿ ಹಾಕಿ, ಲೈಟು ಹಾಕಿ, ಬಹಳ ತಾಳ್ಮೆಯಿಂದ ನೋಡಿದರು. ಕೆಂಪಾಗಿಲ್ಲ, ಬಾವಿಲ್ಲ, ಏನೂ ಆಗಿಲ್ಲ ಎಂದರು. ಸ್ಪರ್ಧೆಯ ಹೆದರಿಕೆಗೆ ಮಕ್ಕಳಿಗೆ ಹೀಗಾಗುವುದುಂಟು, ಒತ್ತಾಯ ಮಾಡಬೇಡಿ, ತಾನಾಗಿ ಬರುತ್ತದೆ ಎಂದರು. ನಾನು ತಲೆಯಾಡಿಸಿದೆ. ಆದರೆ ಮೇಧಾಗೆ ಹಾಡಲು ಎಂದೂ ಹೆದರಿಕೆ ಇದ್ದದ್ದಿಲ್ಲ. ಹೆದರಿಕೆ ಏನಿದ್ದರೂ ಹಾಡು ನಿಲ್ಲಿಸು ಎಂದಾಗಲೇ.

ಮನೆಗೆ ಬಂದು ಅವಳಿಗೆ ಬಿಸಿ ಹಾಲು ಕುಡಿಸಿ ಮಲಗಿಸಿದೆ. ಆಮೇಲೆ ನಾನು ಮಾಡಿದ ಮೊದಲ ಕೆಲಸ, ಆ ಹಾಳೆಗಳನ್ನು ಹರಿದು ಬಚ್ಚಲ ಒಲೆಗೆ ಹಾಕಿದ್ದು. ಎರಡನೆಯದು, ನಮ್ಮದೇ ಒಂದು ಡಬ್ಬಿಯ ತುಂಬ, ಅಂಚಿನವರೆಗೆ, ಸಕ್ಕರೆ ತುಂಬಿ ಗೋಡೆಯ ಮೇಲೆ ಅದೇ ಜಾಗದಲ್ಲಿ ಇಟ್ಟದ್ದು. ಮುಚ್ಚಳವನ್ನೂ ಹಾಕಲಿಲ್ಲ, ಖಾಲಿಯಲ್ಲ ಎಂದು ಕಾಣಲಿ ಎಂದು. "ತಪ್ಪಾಯ್ತು, ತಗೊಳ್ಳಿ" ಎಂದೆ. ಯಾರಿಗೆ ಹೇಳುತ್ತಿದ್ದೇನೆಂದು ಗೊತ್ತಿಲ್ಲದಿದ್ದರೂ ಬಹುವಚನದಲ್ಲೇ ಹೇಳಿದೆ. ಕಿಟಕಿಯಲ್ಲಿ ನಿಂತು ನೋಡುತ್ತಲೇ ಇದ್ದೆ. ಮೂರಾಯಿತು, ನಾಲ್ಕಾಯಿತು. ಯಾರೂ ಬರಲಿಲ್ಲ. ಗೋಡೆಯುದ್ದಕ್ಕೂ ಇರುವೆ ಸಾಲು ಹಿಡಿದವು.

ರಾತ್ರಿ ನಮ್ಮವರಿಗೆ, ಒಂದನ್ನು ಬಿಟ್ಟು, ಎಲ್ಲವನ್ನೂ ಹೇಳಿದೆ. ಅವರು ಕೇಳಿ, ಒಂದೊಂದನ್ನೇ ಬಿಡಿಸಿಟ್ಟರು. ಯಾರೋ ಮನೆ ತಪ್ಪಿ ಇಟ್ಟಿದ್ದಾರೆ, ಗೊತ್ತಾಗಿ ತೆಗೆದುಕೊಂಡು ಹೋಗಿದ್ದಾರೆ. ಅಂಥ ಡಬ್ಬಿಯನ್ನು ನೀನು ಮೊದಲೇ ಎಲ್ಲೋ ನೋಡಿರಬೇಕು, ಅದಕ್ಕೇ ಕಥೆಯಲ್ಲಿ ಬಂತು. ಸಮಯ ಹೊಂದಿದ್ದು ಕಾಕತಾಳೀಯ. ಅವರು ಹೇಳುವಾಗ ಎಲ್ಲವೂ ಸರಿಯೆನಿಸುತ್ತಿತ್ತು. ನಾನೂ ಅದನ್ನೇ ನಂಬಲು ಇಷ್ಟು ವರ್ಷ ಪ್ರಯತ್ನಿಸಿದ್ದೇನೆ.

ಮೇಧಾ ಸ್ಪರ್ಧೆಗೆ ಹೋಗಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ತಿಂಡಿಗೆ ಕೂತವಳು "ಚಟ್ನಿ ಖಾರ" ಎಂದಳು, ಏನೂ ಆಗಿಲ್ಲದ ಹಾಗೆ. ನಾನು ಸೌಟು ಹಿಡಿದುಕೊಂಡೇ ನೆಲಕ್ಕೆ ಕೂತುಬಿಟ್ಟೆ. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ, ಹಾಡುವುದೂ ಇದೆ. ಧ್ವನಿ ಮೊದಲಿನ ಹಾಗೇ ಇದೆ ಎಂದು ಎಲ್ಲರೂ ಹೇಳುತ್ತಾರೆ. ಹೌದು ಎಂದು ನಾನೂ ಹೇಳುತ್ತೇನೆ. ಆ ಕಥೆಯನ್ನು ಮಾತ್ರ ನಾನು ಮುಗಿಸಲಿಲ್ಲ. ಆಮೇಲೆ ಆ ಬಗೆಯ ಕಥೆಯನ್ನೇ ಬರೆಯಲಿಲ್ಲ.

ನಮ್ಮವರಿಗೆ ಹೇಳದೆ ಉಳಿಸಿಕೊಂಡದ್ದು ಒಂದೇ ಒಂದು. ಅವರಿಗಾದರೂ ಒಂದಷ್ಟು ನಿದ್ದೆ ಇರಲಿ ಎಂದು. ಅದು ಆ ದಿನದ ಸಂಜೆಯದು, ಅವರಿನ್ನೂ ಬಸ್ಸಿನಲ್ಲಿದ್ದ ಹೊತ್ತು. ದೀಪ ಹಚ್ಚಿ ಮೆಟ್ಟಿಲ ಮೇಲೆ ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಒಳಕೋಣೆಯ ಮಂಚದ ಮೇಲೆ ಮೇಧಾ ಗೋಡೆಗೆ ಮುಖ ಮಾಡಿ ಮಲಗಿದ್ದು, ಅವಳ ಎರಡು ಜಡೆ, ಹೊದಿಕೆಯಿಂದ ಹೊರಬಂದ ಒಂದು ಪಾದ, ಎಲ್ಲವೂ ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಮಧ್ಯಾಹ್ನ ಪೂರಾ ಮಲಗಿದ್ದ ಸರೋಜಕ್ಕನಿಗೆ ಏನೂ ಗೊತ್ತಿರಲಿಲ್ಲ. ಹೊರಗೆ ಬಂದು ಹಗ್ಗದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಹೆಗಲಿಗೆ ಹಾಕಿಕೊಳ್ಳುತ್ತ, ನನ್ನ ಕಡೆ ಸರಿಯಾಗಿ ನೋಡದೆಯೇ, ರಸ್ತೆಯ ತುದಿಯ ಕಡೆಗೆ ಗದ್ದದಲ್ಲೇ ತೋರಿಸಿ ಹೇಳಿದರು.

"ನಿನ್ನ ಕೂಸು ಚೊಲೋ ಹಾಡ್ತು ಮಾರಾಯ್ತಿ. ಎಂಗೆ ಎಚ್ಚರ ಆದಾಗಿಂದ ಅಲ್ಲಿ ಒಂದೇ ಸಮ ಹಾಡ್ತಾ ಇದ್ದು. ಕತ್ತಲಾತು, ಒಳಗೆ ಕರಿ."