ಅಣ್ಣನ ಹೆಸರಿನ ಸೀಸೆ

ಸುಮಂಗಲಾಳನ್ನು ನಾನು ಮೊದಲು ಕಂಡದ್ದು ಎಂಟು ವರ್ಷದ ಹಿಂದೆ, ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ. ವಿಜಯಪುರದ ಆಸ್ಪತ್ರೆಯಲ್ಲಿ ನಾನು ಆಯಾ. ಅವಳು ತಿಕೋಟಾದಿಂದ ಬಸ್ಸಿಗೆ ಒಬ್ಬಳೇ ಬಂದಿದ್ದಳು. ಹೊಲಿಗೆಯವಳು, ಇಪ್ಪತ್ತೊಂದು ವರ್ಷ. ಹುಟ್ಟಿನಿಂದ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಲೇಬೇಕು.

"ಸೂಜಿ ನಾ ನೋಡತೇನಿ ಆಯಿ, ನೀವ್ ಬೇಕಾದ್ರ ಕಣ್ಣ ಮುಚ್ಕೋರ್ರಿ," ಎಂದು ನಕ್ಕಳು.

ಎಡಗೈಗೆ ರಕ್ತ ಏರುತ್ತಿದ್ದರೆ ಬಲಗೈಯಿಂದ ರವಿಕೆಗೆ ಹುಕ್ಕು ಹಚ್ಚುವಳು. ಬಟ್ಟೆ ಹಿಡಿಯುವುದು ನನ್ನ ಪಾಲು.

ಹೋದ ವರ್ಷ ರಕ್ತ ಒಗ್ಗದಾಯಿತು. ಎ, ಬಿ ಗುಂಪಿನೊಳಗೆ ಇನ್ನೂ ಸಣ್ಣ ಗುಂಪುಗಳಿವೆಯಂತೆ. ಹತ್ತಾರು ಜನರ ರಕ್ತ ಬೆರೆತ ಮೈಯಲ್ಲಿ ಅವಳದು ಯಾವುದೆಂದು ಡಿಎನ್‌ಎ ಪರೀಕ್ಷೆಯೇ ಹೇಳಬೇಕು ಎಂದರು ಡಾಕ್ಟರ್ ಲಲಿತಾ. ಒಡಹುಟ್ಟಿದವರದು ಕೂಡುವ ಸಂಭವ ಹೆಚ್ಚೆಂದು ಬಬಲೇಶ್ವರದಲ್ಲಿ ಕಿರಾಣಿ ಅಂಗಡಿಯಿಟ್ಟ ಅಣ್ಣ ರಾಜಾರಾಮನಿಗೂ ಹೇಳಿ ಕಳಿಸಿದರು.

ಅವನು ಬಂದ ದಿನ ಸುಮಂಗಲಾ ಇರಲಿಲ್ಲ. ಕುಳ್ಳ ಮನುಷ್ಯ, ಎಡ ಹುಬ್ಬು ಸೀಳಿತ್ತು. ಅವನ ರಕ್ತ ತೆಗೆದ ಸೀಸೆಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ನಾನೇ ಪರೀಕ್ಷೆಗೆ ಒಯ್ದು ಕೊಟ್ಟೆ. ತಿಂಗಳಿಗೆ ಕಾಗದ ಬಂತು: ಎಲ್ಲ ಕೂಡಿದೆ.

"ಐದ ವರ್ಷ ಮನಿಗಿ ಕರದಿಲ್ಲ ನಮ್ಮಣ್ಣ. ಈಗ ರಗತ ಕೊಡಾಕ ಬರಾಕತ್ತಾನ ನೋಡ್ರಿ!"

ರಕ್ತ ಕೊಡುವ ದಿನ ರಾಜಾರಾಮ ಎಂದು ಕೂಗಿದಾಗ ಎದ್ದವನು ಎತ್ತರದ ಆಳು.

"ಅವತ್ತ ಬಂದಾವ ನೀವಲ್ಲ," ಎಂದೆ.

"ನಿನಗೇನ್ ಗೊತ್ತ ಬೇ, ಮುದುಕಿ?"

ಡಾಕ್ಟರ್ ಗಟ್ಟಿಸಿ ಕೇಳಿದಾಗ ಬಾಯಿ ಬಿಟ್ಟ. "ಸಂತಿಗಿ ಬಂದಾವ್ನೊಬ್ಬನ್ನ ನನ್ನ ಹೆಸರ್ಲೆ ಕಳಿಸಿದ್ಯಾರಿ, ಅವನ ಹೆಸರ ಕೇಳಿಲ್ಲ. ಮಗಳ ನಿಶ್ಚಯ ಆಗೇತಿ. ಈ ಬ್ಯಾನಿ ನನ್ನ ಮೈಯಾಗೂ ಐತಂತ ಬಂದ್ರ ಬೀಗರು ಬಿಡತಾರ. ರಗತ ಏನ್ರಿ, ಒಂದ ಹೊಟ್ಯಾಗ ಹುಟ್ಟೇವಿ, ಕೂಡೇ ಕೂಡತೈತಿ."

"ಆ ಪರೀಕ್ಷಾ ರಕ್ತದ ಗುಂಪಷ್ಟ ನೋಡ್ತದ. ಬ್ಯಾನಿ ನೋಡಂಗಿಲ್ಲ," ಎಂದರು ಡಾಕ್ಟರ್.

ಅವನ ರಕ್ತವನ್ನು ತಂಗಿಯದರೊಡನೆ ಕೂಡಿಸಿ ನೋಡಿದರು. ಕೂಡಲಿಲ್ಲ. ಚಪ್ಪಲಿ ಮೆಟ್ಟಿ ಹೊರಟ.

"ನಿಶ್ಚಯ ಆಗಿದ್ದೂ ನನಗ ಹೇಳಿಲ್ಲ," ಎಂದಳು ಸುಮಂಗಲಾ.

ಬೇರೆ ದಾನಿ ಸಿಗುವ ಮೊದಲೇ, ಏಳನೆಯ ದಿನ ಅವಳು ತೀರಿಕೊಂಡಳು. ಅದರ ಹಿಂದಿನ ಮಧ್ಯಾಹ್ನ ನನ್ನ ಮುಂಗೈ ಹಿಡಿದು ಕೇಳಿದಳು:

"ರಗತ ಕೂಡಿದಾವನ ಮಾರಿ ಇಲ್ಲಿ ನೋಡಿದಾಕಿ ನೀವೊಬ್ರ. ಬಬಲೇಶ್ವರ ಸಂತಿಗಿ ಹೋಗಿ ಹುಡಿಕ್ಕೊಂಡ ಬರತೀರೇನ್ ಆಯಿ?"